ಕೊಲ್ಲದ ಹಂತಕಿ, ನಡುಗುವ ಆಸ್ಥಾನ

ಹದಿನೆಂಟರ ಹುಡುಗಿಯೊಬ್ಬಳು ದೊರೆಯ ಎದುರು ಬಂದು ನಿಂತು, ಕಡಿದು ತಂದ ತಲೆಯೊಂದನ್ನು ನೆಲಕ್ಕೆ ಬಿಡುತ್ತಾಳೆ. ಅದು ದೊರೆ ಸಾಯಿಸಲು ಹೇಳಿದ್ದ ಶ್ರೀಮಂತನ ತಲೆ. ದೊರೆಗೆ ತೃಪ್ತಿ, ನೋಡಿದವರಿಗೆ ಹೇಸಿಗೆ ಮತ್ತು ಭಯ. ಕೆಲವೇ ಪುಟಗಳಾದ ಮೇಲೆ ಓದುಗರಿಗೆ ಮಾತ್ರ ಗುಟ್ಟು ತಿಳಿಯುತ್ತದೆ: ಆ ಶ್ರೀಮಂತ ಸತ್ತಿಲ್ಲ. ತಲೆ ಮೊದಲೇ ಸತ್ತಿದ್ದ ಇನ್ಯಾರದ್ದೋ. ಹುಡುಗಿ ಅವನಿಗೆ ವಿಷಯ ತಿಳಿಸಿ, ಊರು ಬಿಡಿಸಿ, ಗುರುತಿಗೆ ಒಂದಿಷ್ಟು ಸಾಕ್ಷಿ ಇಟ್ಟುಕೊಂಡು ಬಂದಿದ್ದಾಳೆ. ಅವನಿಗಿಂತ ಮುಂಚಿನವರನ್ನೂ ಹೀಗೆಯೇ ಬಿಟ್ಟುಕಳಿಸಿದ್ದಾಳೆ.

ಇದು ಅಮೆರಿಕದ ಲೇಖಕಿ ಸಾರಾ ಜೆ. ಮಾಸ್ 2013ರಲ್ಲಿ ಪ್ರಕಟಿಸಿದ 'ಕ್ರೌನ್ ಆಫ್ ಮಿಡ್‌ನೈಟ್' ಕಾದಂಬರಿಯ ಆರಂಭ. 2012ರ 'ಥ್ರೋನ್ ಆಫ್ ಗ್ಲಾಸ್'ನ ಮುಂದುವರಿದ ಭಾಗ. ಹದಿಹರೆಯದವರಿಗೆಂದು ಬರೆದ ಫ್ಯಾಂಟಸಿ. ಗಾಜಿನ ಅರಮನೆ, ಮಾಟದ ಗುರುತುಗಳು, ಸುರಂಗಗಳು, ಮಾತಾಡುವ ಬಾಗಿಲ ಚಿಲಕ ಎಲ್ಲ ಇವೆ. ಇಂಥ ಪುಸ್ತಕವನ್ನು ನೀತಿಯ ಪ್ರಶ್ನೆಗೆ ಹಚ್ಚಿ ನೋಡುವುದು ಅತಿಯಾಯಿತು ಎನ್ನುವವರು ಇರಬಹುದು. ಆದರೆ ಕಾಲೇಜಿನ ಹುಡುಗ ಹುಡುಗಿಯರು ರಾತ್ರಿ ಎರಡರವರೆಗೆ ಮೊಬೈಲಿನಲ್ಲಿ ಓದಿ ಮುಗಿಸುವ ಪುಸ್ತಕಗಳೇ ಅವರ ಒಳಗೆ ಸರಿ ತಪ್ಪಿನ ಲೆಕ್ಕ ಬರೆಯುತ್ತಿರುತ್ತವೆ. ಆ ಲೆಕ್ಕ ಹೇಗಿದೆ ಎಂದು ಕೇಳುವುದು ಅತಿಯೇನಲ್ಲ. ಅದನ್ನು ಕೇಳಬೇಕಾದರೆ ಕಥೆಯ ಗುಟ್ಟುಗಳನ್ನೆಲ್ಲ ಬಿಚ್ಚಬೇಕಾಗುತ್ತದೆ. ಇನ್ನೂ ಓದದವರು ಪುಸ್ತಕ ಮುಗಿಸಿ ಬರಬಹುದು.

ಹಿನ್ನೆಲೆ ಸ್ವಲ್ಪ ಬೇಕು. ಹುಡುಗಿಯ ಹೆಸರು ಸೆಲೇನಾ ಸಾರ್ಡೋಥಿಯನ್. ಎಂಟನೆಯ ವಯಸ್ಸಿನಲ್ಲಿ ಸಾಯುವ ಸ್ಥಿತಿಯಲ್ಲಿದ್ದವಳನ್ನು ಅರೋಬಿನ್ ಹ್ಯಾಮೆಲ್ ಎಂಬ ಹಂತಕರ ಗುರು ಎತ್ತಿ ತಂದು ಸಾಕಿ, ವಿದ್ಯೆ ಕಲಿಸಿದ. ಮುಂದೆ ಸಿಕ್ಕಿಬಿದ್ದು ಎಂಡೋವಿಯರ್ ಎಂಬ ಉಪ್ಪಿನ ಗಣಿಯಲ್ಲಿ ಒಂದು ವರ್ಷ ಗುಲಾಮಳಾಗಿದ್ದಳು. ಅಡಾರ್ಲಾನಿನ ದೊರೆ ಏರ್ಪಡಿಸಿದ ಸ್ಪರ್ಧೆಯಲ್ಲಿ ಗೆದ್ದು ಅವನ ಅಧಿಕೃತ ಹಂತಕಿಯಾದಳು. ನಾಲ್ಕು ವರ್ಷ ದುಡಿದರೆ ಬಿಡುಗಡೆ. ತಪ್ಪಿಸಿಕೊಂಡರೆ, ಕೆಲಸ ಕೆಡಿಸಿದರೆ, ಅವಳಿಗೆ ಬೇಕಾದವರ ತಲೆ ಉರುಳುತ್ತದೆ. ಈ ದೊರೆ ಸುತ್ತಲ ರಾಜ್ಯಗಳನ್ನು ನುಂಗಿದವನು, ಜನರನ್ನು ಗಣಿಗಳಿಗೆ ದೂಡಿದವನು. ಕಾದಂಬರಿ ಅವನಿಗೆ ಹೆಸರನ್ನೇ ಕೊಡುವುದಿಲ್ಲ, ಬರೀ 'ದೊರೆ'. ಸುಪಾರಿ ಕೊಡುವವನಿಗೆ ಹೆಸರಿಲ್ಲದಿರುವುದು ಸರಿಯೇ.

ಹೀಗಿರುವಾಗ ಸೆಲೇನಾ ಕಂಡುಕೊಂಡ ಉಪಾಯ ಮೇಲ್ನೋಟಕ್ಕೆ ಸೊಗಸಾಗಿದೆ. ದೊರೆಗೆ ಸಾವು ಬೇಕು. ಅವಳು ಸಾವಿನ ನಾಟಕ ಕೊಡುತ್ತಾಳೆ. ಪಟ್ಟಿಯಲ್ಲಿದ್ದವನು ಬದುಕುತ್ತಾನೆ, ಅವಳ ಪ್ರೀತಿಪಾತ್ರರೂ ಬದುಕುತ್ತಾರೆ. ಸುಳ್ಳೊಂದನ್ನು ಬಿಟ್ಟರೆ ಯಾರಿಗೂ ನಷ್ಟವಿಲ್ಲ. ಓದುತ್ತಿರುವ ನಮಗೂ ಹಾಯೆನಿಸುತ್ತದೆ. ಹಂತಕಿಯ ಕಥೆಯ ರೋಚಕತೆಯೂ ಸಿಕ್ಕಿತು, ಅವಳನ್ನು ಮೆಚ್ಚುವುದಕ್ಕೆ ಅಡ್ಡಿಯೂ ಹೋಯಿತು.

ಇಲ್ಲೊಂದು ಲೆಕ್ಕ ತಪ್ಪಿದೆ ಎಂದು ನನಗನ್ನಿಸುತ್ತದೆ. ನಿರಂಕುಶ ದೊರೆಯೊಬ್ಬ ಕೊಲೆ ಮಾಡಿಸುವುದು ಯಾಕೆ? ಒಬ್ಬ ವ್ಯಕ್ತಿ ಇಲ್ಲವಾಗಲಿ ಎಂದು, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ, ಅವನು ಇಲ್ಲವಾದ ಸುದ್ದಿ ಊರಿಗೆಲ್ಲ ತಿಳಿಯಲಿ ಎಂದು. ಕೊಲೆಯ ಕೆಲಸದಲ್ಲಿ ಎರಡು ಪಾಲು: ಸಾವು ಮತ್ತು ಸಾವಿನ ಸುದ್ದಿ. ಸೆಲೇನಾ ಮೊದಲನೆಯದನ್ನು ಕದ್ದಿಟ್ಟುಕೊಂಡು ಎರಡನೆಯದನ್ನು ಚಾಚೂ ತಪ್ಪದೆ ಒಪ್ಪಿಸುತ್ತಾಳೆ. ಆ ತಲೆಯನ್ನು ಕಂಡ ಆಸ್ಥಾನಿಕರು ನಾಳೆಯಿಂದ ಇನ್ನಷ್ಟು ಬಾಯಿ ಮುಚ್ಚಿಕೊಂಡಿರುತ್ತಾರೆ. ದೊರೆಯ ವಿರುದ್ಧ ಪಿಸುಗುಟ್ಟಲು ಹೊರಟವನೊಬ್ಬ ಹೆಂಡತಿ ಮಕ್ಕಳ ಮುಖ ನೋಡಿ ಸುಮ್ಮನಾಗುತ್ತಾನೆ. ಓಡಿಹೋದವನು ದೊರೆಯ ಪಾಲಿಗೆ ಹೇಗೂ ಮುಗಿದವನೇ, ಮತ್ತೆ ಮುಖ ತೋರಿಸುವಂತಿಲ್ಲ. ಅಂದರೆ ದೊರೆಗೆ ಬೇಕಿದ್ದದ್ದು ಬಹುಪಾಲು ಸಿಕ್ಕಿತು. ಅವನ ಹಂತಕಿ ಒಳಗೊಳಗೇ ಅವನಿಗೆ ಮೋಸ ಮಾಡುತ್ತ, ಹೊರಗೆ ಅವನ ಅತ್ಯುತ್ತಮ ನೌಕರಳಾಗಿಯೇ ಉಳಿದಿದ್ದಾಳೆ. ಅವನು ಕೊಟ್ಟ ಹಣದಲ್ಲಿ ಒಳ್ಳೆಯ ಬಟ್ಟೆ ತೆಗೆದುಕೊಳ್ಳುತ್ತಾಳೆ. ಬಟ್ಟೆಗೆ ನನ್ನ ಆಕ್ಷೇಪವಿಲ್ಲ. ಉಪ್ಪಿನ ಗಣಿಯಿಂದ ಬಂದವಳು ರೇಷ್ಮೆ ಉಟ್ಟರೆ ತಪ್ಪೇನು? ಆದರೆ ಆ ಹಣ ಯಾವುದರ ಕೂಲಿ ಎಂಬ ಪ್ರಶ್ನೆ ಉಳಿಯುತ್ತದೆ. ಕೊಂದದ್ದಕ್ಕಲ್ಲ, ಹೆದರಿಸಿದ್ದಕ್ಕೆ.

ಕನ್ನಡದಲ್ಲಿ ಓದುವವರಿಗೆ ಕೊಲೆಯ ನಾಟಕ ಎಂದ ಕೂಡಲೇ ಇನ್ನೊಂದು ಕಥೆ ನೆನಪಾಗದೆ ಇರದು. 13ನೆಯ ಶತಮಾನದ ಜನ್ನನ 'ಯಶೋಧರ ಚರಿತೆ'ಯಲ್ಲಿ ದೊರೆ ಯಶೋಧರ ಪ್ರಾಣಿಬಲಿಗೆ ಒಪ್ಪುವುದಿಲ್ಲ. ತಾಯಿ ಬಿಡುವುದಿಲ್ಲ. ಕೊನೆಗೆ ನಡುವಿನ ದಾರಿಯೊಂದು ಹುಟ್ಟುತ್ತದೆ: ಹಿಟ್ಟಿನಲ್ಲಿ ಹುಂಜ ಮಾಡಿ ಕಡಿದರಾಯಿತು. ಕತ್ತಿ ಬಿದ್ದಾಗ ಹಿಟ್ಟಿನ ಹುಂಜ ಕೂಗುತ್ತದೆ. ರಕ್ತ ಹರಿಯದ ಆ ಒಂದು ಏಟಿಗೆ ತಾಯಿ ಮಗ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ಸಾಯುತ್ತಾರೆ. ಗಿರೀಶ ಕಾರ್ನಾಡರು ಇದನ್ನೇ 'ಹಿಟ್ಟಿನ ಹುಂಜ' ನಾಟಕದಲ್ಲಿ ಮತ್ತೆ ಕೆದಕಿದರು. ಜೈನ ಲೆಕ್ಕದಲ್ಲಿ ಕೊಲ್ಲುವ ಸಂಕಲ್ಪವೇ ಹಿಂಸೆ. ಎದುರಿಗಿದ್ದದ್ದು ಜೀವವೋ ಹಿಟ್ಟೋ ಎಂಬುದು ಆಮೇಲಿನ ಮಾತು.

ಈ ತಕ್ಕಡಿಯಲ್ಲಿ ತೂಗಿದರೆ ಸೆಲೇನಾ ಪೂರ್ತಿ ಪಾರಾಗುತ್ತಾಳೆ. ಅವಳ ಮನಸ್ಸಿನಲ್ಲಿ ಕೊಲ್ಲುವ ಸಂಕಲ್ಪವೇ ಇಲ್ಲ. ಯಶೋಧರನಲ್ಲಿ ಸಂಕಲ್ಪವಿತ್ತು, ಸಾವಿರಲಿಲ್ಲ. ಇವಳಲ್ಲಿ ಎರಡೂ ಇಲ್ಲ. ಹಾಗಿದ್ದೂ ಹುಂಜ ಎಲ್ಲೋ ಕೂಗಿದಂತೆ ಕೇಳಿಸುತ್ತದೆ. ಜನ್ನನ ಕಥೆ ಕಡಿಯುವವನ ಒಳಗನ್ನು ನೋಡುತ್ತದೆ. ಬಲಿಪೀಠದ ಸುತ್ತ ಯಾರು ನಿಂತು ನೋಡುತ್ತಿದ್ದರು, ನೋಡಿ ಏನಾದರು ಎಂದು ಕೇಳುವ ಕಡೆಗೆ ಅದು ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಸೆಲೇನಾಳ ಸಂಕಟವನ್ನು ಹಿಡಿಯಬೇಕಾದರೆ ಆ ಎರಡನೆಯ ಪ್ರಶ್ನೆ ಬೇಕು. ಒಳಗು ಶುದ್ಧವಾಗಿದ್ದಾಗಲೂ ಹೊರಗೆ ನಮ್ಮಿಂದ ಒಂದು ಭಯ ಬೆಳೆಯುತ್ತಿದ್ದರೆ ಅದಕ್ಕೆ ನಾವು ಎಷ್ಟು ಜವಾಬ್ದಾರರು?

ಕಾದಂಬರಿಯೊಳಗೆ ಈ ಪ್ರಶ್ನೆ ಕೇಳುವವಳು ನೆಹೀಮಿಯಾ. ದೊರೆ ಗೆದ್ದುಕೊಂಡ ಎಯಿಲ್ವೆ ರಾಜ್ಯದ ರಾಜಕುಮಾರಿ, ಸೆಲೇನಾಳ ಆಪ್ತ ಗೆಳತಿ. ಗೆಳತಿ ಯಾರನ್ನೂ ಕೊಲ್ಲುತ್ತಿಲ್ಲ ಎಂಬುದು ತಿಳಿದ ಮೇಲೂ ಅವಳಿಗೆ ಸಮಾಧಾನವಿಲ್ಲ. ಅವಳ ನಾಡಿನ ಜನ ಗಣಿಗಳಲ್ಲಿ, ದುಡಿತದ ಶಿಬಿರಗಳಲ್ಲಿ ಸಾಯುತ್ತಿದ್ದಾರೆ. ದಂಗೆ ಎದ್ದವರನ್ನು ನೂರಾರು ಸಂಖ್ಯೆಯಲ್ಲಿ ಕಡಿದು ಹಾಕಲಾಗಿದೆ. ಅವರ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಪಟ್ಟಿಯಲ್ಲಿದ್ದ ನಾಲ್ಕು ಮಂದಿಯನ್ನು ಉಳಿಸುವವಳು, ಪಟ್ಟಿ ಬರೆಯುವ ಕೈಯನ್ನು ತಡೆಯಲು ಯಾಕೆ ಏನೂ ಮಾಡುವುದಿಲ್ಲ? ಸೆಲೇನಾಳ ಉತ್ತರ ನಮ್ಮಲ್ಲಿ ಬಹಳ ಮಂದಿಯ ಉತ್ತರವೇ: ನನ್ನ ಪಾಡಿಗೆ ನನ್ನನ್ನು ಬಿಡು, ನಾಲ್ಕು ವರ್ಷ ಕಳೆದರೆ ನಾನು ಹೊರಡುತ್ತೇನೆ. ನೆಹೀಮಿಯಾ ಅವಳನ್ನು ಹೇಡಿ ಎನ್ನುತ್ತಾಳೆ. ಇಬ್ಬರ ನಡುವೆ ಮಾತು ಮುರಿಯುತ್ತದೆ.

ನನಗೆ ಇಲ್ಲಿ ಸೆಲೇನಾಳ ಪರವಾಗಿ ಒಂದು ಮಾತು ಹೇಳಬೇಕೆನಿಸುತ್ತದೆ. ಎಂಟನೆಯ ವಯಸ್ಸಿನಿಂದ ಯಾವ ಆಯ್ಕೆಯನ್ನೂ ತಾನೇ ಮಾಡದವಳು ಅವಳು. ಗುರುವಿನ ಮನೆಯಲ್ಲಿ ಕೊಲ್ಲಬೇಕಿತ್ತು, ಗಣಿಯಲ್ಲಿ ಕಲ್ಲು ಒಡೆಯಬೇಕಿತ್ತು, ಅರಮನೆಯಲ್ಲಿ ಮತ್ತೆ ಕೊಲ್ಲಬೇಕು. ಅಂಥವಳು ಮೊತ್ತಮೊದಲಿಗೆ ತಾನೇ ಹುಡುಕಿಕೊಂಡ ಒಳ್ಳೆಯತನ ಎಂದರೆ ಈ ಕಳ್ಳದಾರಿ. ಅದನ್ನೇ ಸಾಲದು ಎಂದರೆ ಅವಳಿಗೆ ಕೋಪ ಬರುವುದು ಸಹಜ. ಸಣ್ಣ ಒಳ್ಳೆಯತನವನ್ನು ದೊಡ್ಡ ಕರ್ತವ್ಯದ ಎದುರಿಟ್ಟು ಹೀಗಳೆಯುವುದು ಸುಲಭ. ಬದುಕುಳಿದವನ ಹೆಂಡತಿಯನ್ನು ಕೇಳಿದರೆ ಬೇರೆ ಉತ್ತರ ಸಿಗುತ್ತದೆ. ಆದರೂ ನೆಹೀಮಿಯಾ ಹೇಳಿದ್ದರಲ್ಲಿ ಸುಳ್ಳಿಲ್ಲ. ಒಳ್ಳೆಯತನವನ್ನು ಗುಟ್ಟಾಗಿ ಇಟ್ಟುಕೊಂಡವರಿಗೆ ಬೇಗ ಒಂದು ತೃಪ್ತಿ ಬಂದುಬಿಡುತ್ತದೆ. ಕಚೇರಿಯಲ್ಲಿ ಅನ್ಯಾಯದ ಆದೇಶಕ್ಕೆ ಸಹಿ ಹಾಕಿ, ಸಂಜೆ ಸಂತ್ರಸ್ತನಿಗೆ ಫೋನ್ ಮಾಡಿ ಎಚ್ಚರಿಸುವ ಅಧಿಕಾರಿಯನ್ನು ನೆನೆಸಿಕೊಳ್ಳಿ. ಅವನು ಕೆಟ್ಟವನಲ್ಲ. ಆದೇಶ ಮಾತ್ರ ಹೊರಟಿತು.

ಕಾದಂಬರಿಯ ನಡುಭಾಗದಲ್ಲಿ ಈ ಜಾಣ ಉಪಾಯವೆಲ್ಲ ಒಂದೇ ರಾತ್ರಿಯಲ್ಲಿ ಕುಸಿಯುತ್ತದೆ. ಅಷ್ಟು ಹೊತ್ತಿಗೆ ಸೆಲೇನಾಳಿಗೆ ಕಾವಲುಪಡೆಯ ನಾಯಕ ಕೇಯಾಲ್‌ನ ಮೇಲೆ ಪ್ರೀತಿಯಾಗಿದೆ. ದೊರೆಯ ಪಟ್ಟಿಯಲ್ಲಿ ಅವಳ ಹಳೆಯ ಪರಿಚಯದ ಆರ್ಚರ್ ಫಿನ್ ಎಂಬ ಚೆಲುವನ ಹೆಸರು ಬಂದಿದೆ. ಅವಳು ಅವನನ್ನೂ ಬಿಟ್ಟುಕಳಿಸುವ ಆಲೋಚನೆಯಲ್ಲಿದ್ದಾಳೆ. ದೊರೆಯ ವಿರುದ್ಧ ಗುಟ್ಟಾಗಿ ಸಂಘಟಿತರಾದವರು ಕೇಯಾಲ್‌ನನ್ನು ಹಿಡಿದು ಗೋದಾಮೊಂದರಲ್ಲಿ ಕೂಡಿಹಾಕುತ್ತಾರೆ. ಸೆಲೇನಾ ಅಲ್ಲಿಗೆ ನುಗ್ಗಿ ಎದುರಿಗೆ ಬಂದವರನ್ನೆಲ್ಲ ಕಡಿಯುತ್ತಾಳೆ. ಈ ಸಲ ಹಿಟ್ಟಿನ ಹುಂಜವಿಲ್ಲ.

ಸತ್ತವರು ಯಾರು ಎಂಬುದನ್ನು ಗಮನಿಸಿ. ದೊರೆಯ ವಿರೋಧಿಗಳು. ತಿಂಗಳುಗಟ್ಟಲೆ ದೊರೆಯ ವಿರೋಧಿಗಳನ್ನು ಜಾಣತನದಿಂದ ಉಳಿಸಿದವಳು, ಯಾರ ಆಜ್ಞೆಯೂ ಇಲ್ಲದೆ, ಪ್ರೀತಿಯೊಂದರ ಕಾರಣಕ್ಕೆ, ಅದೇ ಪಕ್ಷದವರನ್ನು ಒಂದು ರಾತ್ರಿಯಲ್ಲಿ ಮುಗಿಸುತ್ತಾಳೆ. ಸುಪಾರಿಗೆ ಕೊಲ್ಲದವಳು ಮಮತೆಗೆ ಕೊಂದಳು. ಲೇಖಕಿ ಈ ವ್ಯಂಗ್ಯದ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಓಟದ ಕಥೆ, ಮುಂದಕ್ಕೆ ಓಡುತ್ತದೆ. ನಿಲ್ಲಬೇಕಿತ್ತು ಎಂಬುದು ನನ್ನ ತಕರಾರು. ಇಡೀ ಪುಸ್ತಕದಲ್ಲಿ ಅವಳ ನೀತಿಯನ್ನು ಅತ್ಯಂತ ಕಠಿಣವಾಗಿ ಪರೀಕ್ಷಿಸುವ ಜಾಗ ಅದು.

ಅದೇ ರಾತ್ರಿ ಅರಮನೆಯಲ್ಲಿ ನೆಹೀಮಿಯಾಳ ಕೊಲೆಯಾಗುತ್ತದೆ. ಅವಳ ಜೀವಕ್ಕೆ ಬೆದರಿಕೆಯಿದೆ ಎಂಬುದು ಕೇಯಾಲ್‌ಗೆ ಮೊದಲೇ ಗೊತ್ತಿತ್ತು. ದೊರೆ ಹೇಳಬಾರದೆಂದಿದ್ದ, ಅವನು ಹೇಳಲಿಲ್ಲ. ಕೇಯಾಲ್ ದುಷ್ಟನಲ್ಲ. ಕೊಟ್ಟ ಮಾತಿಗೆ ನಿಲ್ಲುವ, ನಿಯಮ ಮೀರದ, ಮನೆಯವರು ಹೆಮ್ಮೆಪಡುವಂಥ ಹುಡುಗ. ಅವನ ತಪ್ಪು ಹುಟ್ಟಿದ್ದು ಅವನ ಸದ್ಗುಣದಿಂದಲೇ. ಸೆಲೇನಾ ಅವನನ್ನು ಕೊಲ್ಲಲು ಹೋಗುತ್ತಾಳೆ. ಯುವರಾಜ ಡೋರಿಯನ್ ಅಡ್ಡ ಬಾರದಿದ್ದರೆ ಕೊಂದೇಬಿಡುತ್ತಿದ್ದಳು. ಒಂದು ರೀತಿಯಲ್ಲಿ ಅವಳು ಅವನಲ್ಲಿ ಕಂಡದ್ದು ತನ್ನನ್ನೇ. ಇಬ್ಬರೂ ದೊರೆಯ ಅನ್ನ ತಿಂದವರು, ಇಬ್ಬರೂ ಒಳಗೊಂದು ಹೊರಗೊಂದು ಇಟ್ಟುಕೊಂಡವರು, ಇಬ್ಬರಿಗೂ ತಾವು ಒಳ್ಳೆಯವರೆಂಬ ನಂಬಿಕೆ. ಅವಳು ಸುಳ್ಳು ಹೇಳಿ ಉಳಿಸಿದಳು, ಅವನು ಮೌನವಾಗಿದ್ದು ಕಳೆದ. ಫಲ ಬೇರೆಯಾಯಿತು, ನಿಂತ ಜಾಗ ಬೇರೆಯಾಗಿರಲಿಲ್ಲ.

ನೆಹೀಮಿಯಾಳನ್ನು ಕೊಂದ ಗ್ರೇವ್ ಎಂಬವನನ್ನು ಸೆಲೇನಾ ಹುಡುಕಿ ಕೊಲ್ಲುವ ರೀತಿ ಭೀಕರವಾದದ್ದು. ಆಮೇಲೆ ಅವನನ್ನು ಕಳಿಸಿದವನು ಆರ್ಚರ್ ಎಂದು ತಿಳಿಯುತ್ತದೆ, ಅವನೂ ಅವಳ ಕೈಯಲ್ಲೇ ಸಾಯುತ್ತಾನೆ. ತಾನು ಉಳಿಸಹೊರಟವನೇ ಗೆಳತಿಯನ್ನು ಕೊಲ್ಲಿಸಿದ ಎಂಬ ತಿರುವು ಹದಿಹರೆಯದ ಓದುಗರಿಗೆ ಕೊಡುವ ಪೆಟ್ಟು ಸಣ್ಣದಲ್ಲ. ದಯೆ ತೋರಿಸಿದರೆ ಒಳ್ಳೆಯದೇ ಆಗುತ್ತದೆ ಎಂಬ ಬಾಲ್ಯದ ನಂಬಿಕೆಯನ್ನು ಅದು ಒಡೆಯುತ್ತದೆ. ಆದರೆ ಗ್ರೇವ್ ಮತ್ತು ಆರ್ಚರ್ ಇಬ್ಬರೂ ಸಾಯಲೇಬೇಕಾದವರು ಎನ್ನುವಂತೆ ಚಿತ್ರಿತರಾಗಿರುವುದರಿಂದ ಓದುಗರ ಆತ್ಮಸಾಕ್ಷಿಗೆ ಅಷ್ಟೇನೂ ತೊಂದರೆಯಾಗುವುದಿಲ್ಲ. ಈ ಬಗೆಯ ಕಾದಂಬರಿಗಳ ಹಳೆಯ ಚಾಳಿ ಇದು. ನಾಯಕಿ ಹಂತಕಿ ಎಂದು ಮುಖಪುಟದಲ್ಲಿ ಬರೆದು, ಒಳಗೆ ಅವಳಿಗೆ ಕೊಲ್ಲಲು ಯೋಗ್ಯರಾದವರನ್ನಷ್ಟೇ ಒದಗಿಸುವುದು.

ನಿಜವಾದ ಹಂತಕರ ಮುಂದೆ ಬರುವ ಕಷ್ಟ ಬೇರೆ ತರಹದ್ದು. 1905ರಲ್ಲಿ ಮಾಸ್ಕೋದಲ್ಲಿ ಇವಾನ್ ಕಲ್ಯಾಯೆವ್ ಎಂಬ ಕ್ರಾಂತಿಕಾರಿ ಜಾರ್ ಮನೆತನದ ಗ್ರ್ಯಾಂಡ್ ಡ್ಯೂಕ್ ಸೆರ್ಗೈನ ಗಾಡಿಯ ಮೇಲೆ ಬಾಂಬ್ ಎಸೆಯಲು ಕಾದು ನಿಂತಿದ್ದ. ಗಾಡಿ ಬಂತು. ಒಳಗೆ ಡ್ಯೂಕನ ಹೆಂಡತಿಯೂ ಇಬ್ಬರು ಮಕ್ಕಳೂ ಕೂತಿದ್ದರು. ಅವನು ಎಸೆಯಲಿಲ್ಲ. ಎರಡು ದಿನ ಬಿಟ್ಟು, ಡ್ಯೂಕ್ ಒಬ್ಬನೇ ಇದ್ದಾಗ ಎಸೆದ, ಸಿಕ್ಕಿಬಿದ್ದು ಗಲ್ಲಿಗೇರಿದ. ಆಲ್ಬರ್ಟ್ ಕಮೂ 1949ರಲ್ಲಿ ಇದನ್ನು ನಾಟಕ ಮಾಡಿದ. ಅಲ್ಲಿ ಕೊಲ್ಲದೆ ಹಿಂತಿರುಗಿದವನನ್ನು ಸಂಗಡಿಗರು ವಿಚಾರಿಸಿಕೊಳ್ಳುತ್ತಾರೆ: ನೀನು ಉಳಿಸಿದ ಇಬ್ಬರು ಮಕ್ಕಳಿಗಾಗಿ ಹಸಿವಿನಿಂದ ಸಾಯುವ ಸಾವಿರ ಮಕ್ಕಳನ್ನು ಮರೆತೆಯಾ? ನೆಹೀಮಿಯಾಳ ಪ್ರಶ್ನೆಯ ಸೋದರ ಪ್ರಶ್ನೆ ಅದು. ಕಲ್ಯಾಯೆವ್‌ಗೆ ಕಳ್ಳದಾರಿ ಇರಲಿಲ್ಲ. ಡ್ಯೂಕನ ಕಿವಿಯಲ್ಲಿ ಓಡಿಹೋಗು ಎಂದು ಹೇಳಿ, ಬೇರೆ ತಲೆ ತಂದು ತೋರಿಸುವಂತಿರಲಿಲ್ಲ. ಸೆಲೇನಾಳಿಗೆ ಲೇಖಕಿ ಆ ದಾರಿ ಕೊಟ್ಟಿದ್ದಾಳೆ. ಬಹುಶಃ ಅದಿಲ್ಲದೆ ಈ ಓದುಗರು ಅವಳ ಜೊತೆ ಇಷ್ಟು ದೂರ ಬರುತ್ತಿರಲಿಲ್ಲ.

ಎಲ್ಲಕ್ಕಿಂತ ತೊಡಕಿನದು ನೆಹೀಮಿಯಾಳ ಸಾವು. ಸರಣಿಯ ಮೂರನೆಯ ಪುಸ್ತಕಕ್ಕೆ ಬರುವಷ್ಟರಲ್ಲಿ ಸ್ಪಷ್ಟವಾಗುತ್ತದೆ: ಸಾವು ಬರಲಿರುವುದು ಅವಳಿಗೆ ಗೊತ್ತಿತ್ತು, ಅವಳು ತಪ್ಪಿಸಿಕೊಳ್ಳಲಿಲ್ಲ. ಬೇರೆ ಯಾವುದರಿಂದಲೂ ಅಲುಗಾಡದ ಗೆಳತಿಯನ್ನು ತನ್ನ ಹೆಣವಾದರೂ ಎಬ್ಬಿಸೀತು ಎಂದು ಲೆಕ್ಕ ಹಾಕಿದ್ದಳು. ತ್ಯಾಗ ಎಂದು ಕೈಮುಗಿದು ಮುಂದೆ ಹೋಗಬಹುದು. ನನಗೆ ಅಷ್ಟು ಸಲೀಸಾಗಿ ಹೋಗಲಾಗುವುದಿಲ್ಲ. ಉಪವಾಸ ಕೂತವನು ಎದುರಾಳಿಗೆ ತಿಳಿಸಿ ಕೂರುತ್ತಾನೆ. ಒಪ್ಪಲೂ ಬಿಡಲೂ ಎದುರಾಳಿಗೆ ಅವಕಾಶವಿರುತ್ತದೆ. ನೆಹೀಮಿಯಾ ಗೆಳತಿಗೆ ಏನನ್ನೂ ಹೇಳಲಿಲ್ಲ. ಬದುಕಿದ್ದಾಗ ವಾದದಲ್ಲಿ ಗೆಲ್ಲಲಾಗದ್ದನ್ನು ಸತ್ತು ಗೆದ್ದಳು. ಸತ್ತವರ ಜೊತೆ ವಾದಿಸುವುದು ಹೇಗೆ? ಸೆಲೇನಾಳ ಮುಂದಿನ ಒಳ್ಳೆಯತನವೆಲ್ಲ ಈ ಸಾಲದ ತೀರುವಳಿಯಾಗಿಬಿಡುತ್ತದೆ. ಅದು ಅವಳ ಸ್ವಂತ ಆಯ್ಕೆ ಎಂದು ಎಷ್ಟರ ಮಟ್ಟಿಗೆ ಹೇಳಬಹುದು? ಒಬ್ಬರ ಆತ್ಮಸಾಕ್ಷಿಯನ್ನು ಎಬ್ಬಿಸಲು ನಮಗೆ ಹಕ್ಕಿದೆ. ಅದನ್ನು ಹೊರಗಿನಿಂದ ಕೈ ಹಾಕಿ ನಡೆಸಲು ಇದೆಯೇ?

ಇದಕ್ಕೆ ಹೊಂದಿಕೊಂಡು ಇನ್ನೊಂದು ಆಕ್ಷೇಪವಿದೆ, ಇಂಗ್ಲಿಷಿನಲ್ಲಿ ಅನೇಕ ಓದುಗರು ಎತ್ತಿದ್ದು. ನೆಹೀಮಿಯಾ ಕಪ್ಪು ಬಣ್ಣದವಳು, ಸೆಲೇನಾ ಬಿಳಿಯಳು. ಗುಲಾಮಗಿರಿಗೆ ತಳ್ಳಲ್ಪಟ್ಟ ನಾಡಿನ ರಾಜಕುಮಾರಿ ಸಾಯಬೇಕಾದದ್ದು ಹೊಂಗೂದಲ ನಾಯಕಿ ಎಚ್ಚರಗೊಳ್ಳಲಿ ಎಂದೇ? ಆಕ್ಷೇಪ ನ್ಯಾಯವಾದದ್ದು. ತನ್ನ ಜನರ ಹೋರಾಟವನ್ನು ತಾನೇ ಮುನ್ನಡೆಸಬಲ್ಲವಳು ಅವಳು. ಕಥೆ ಅವಳನ್ನು ಇನ್ನೊಬ್ಬಳ ಕಥೆಯ ಕಾರಣವನ್ನಾಗಿ ಮಾಡಿತು. ದೊರೆಯ ಪಟ್ಟಿಯ ಬಗ್ಗೆ ಇಷ್ಟು ಯೋಚಿಸುವ ಪುಸ್ತಕ, ತಾನೇ ಬರೆದ ಈ ಪಟ್ಟಿಯನ್ನು ನೋಡಿಕೊಂಡಂತೆ ಕಾಣುವುದಿಲ್ಲ.

ಕೊನೆಯಲ್ಲಿ ಕೇಯಾಲ್ ಒಂದು ಉಪಾಯ ಹೂಡುತ್ತಾನೆ. ಸೆಲೇನಾಳನ್ನು ಕಡಲಾಚೆಯ ವೆಂಡ್ಲಿನ್ ರಾಜ್ಯಕ್ಕೆ, ಅಲ್ಲಿನ ರಾಜಮನೆತನವನ್ನು ಕೊಲ್ಲುವ ನೆಪದಲ್ಲಿ, ಕಳಿಸುವಂತೆ ದೊರೆಯನ್ನು ಒಪ್ಪಿಸುತ್ತಾನೆ. ಅವನ ಉದ್ದೇಶ ಅವಳು ದೊರೆಯಿಂದ ದೂರ, ಸುರಕ್ಷಿತವಾಗಿರಲಿ ಎಂದು. ಮತ್ತೆ ಅದೇ ವಿದ್ಯೆ: ಮೇಲೆ ಕೊಲೆಯ ಆಜ್ಞೆ, ಒಳಗೆ ಉಳಿಸುವ ಆಸೆ. ಇಷ್ಟು ದಿನ ನಿಯಮದ ಹುಡುಗನಾಗಿದ್ದವನು ಕೊನೆಗೆ ಕಲಿತದ್ದು ಸೆಲೇನಾಳ ಸುಳ್ಳನ್ನು.

ಹಡಗು ಹತ್ತುವ ಮುಂಚೆ ಅವಳು ಅವನಿಗೆ ಒಂದು ತಾರೀಖು ಹೇಳುತ್ತಾಳೆ, ತನ್ನ ತಂದೆತಾಯಿ ಸತ್ತ ದಿನ. ಹಡಗು ಹೋದ ಮೇಲೆ ಅವನು ಅದರ ಬೆನ್ನು ಹತ್ತಿ ಹೊರಟಾಗ ತಿಳಿಯುತ್ತದೆ, ಟೆರಾಸೆನ್ ರಾಜಮನೆತನ ಕೊಲೆಯಾದದ್ದು ಆಗಲೇ ಎಂದು. ಅವರ ಜೊತೆ ಸತ್ತಳೆಂದು ಲೋಕ ನಂಬಿದ್ದ ಪುಟ್ಟ ಹುಡುಗಿ ಏಲಿನ್ ಸತ್ತಿರಲಿಲ್ಲ. ಹತ್ತು ವರ್ಷ ಬೇರೆ ಹೆಸರಿಟ್ಟುಕೊಂಡು, ತನ್ನವರನ್ನು ಕೊಂದ ದೊರೆಯ ನಾಡಿನಲ್ಲೇ, ಕೊನೆಗೆ ಅವನ ಅರಮನೆಯಲ್ಲೇ ಬದುಕಿದ್ದಳು. ಪಟ್ಟಿಯಲ್ಲಿದ್ದವರಿಗೆಲ್ಲ ಅವಳು ಕೊಟ್ಟ ಬಾಳು ಇದೇ: ಸತ್ತವರೆಂದು ಎಲ್ಲರೂ ನಂಬಲಿ, ಎಲ್ಲೋ ಬೇರೆ ಹೆಸರಿನಲ್ಲಿ ಉಸಿರಾಡಿಕೊಂಡಿರಿ. ಅವಳಿಗೆ ಗೊತ್ತಿದ್ದ ಬದುಕುವ ದಾರಿ ಅದೊಂದೇ ಆಗಿತ್ತು. ಹಾಗೆ ಓಡಿಹೋದವರು ಎಲ್ಲಿ ಸೇರಿದರು, ತಮ್ಮ ಹೆಸರನ್ನು ಮತ್ತೆ ಯಾವತ್ತಾದರೂ ಗಟ್ಟಿಯಾಗಿ ಹೇಳಿಕೊಂಡರೇ ಎಂಬುದನ್ನು ಈ ಕಾದಂಬರಿ ಹೇಳುವುದಿಲ್ಲ. ಕೇಯಾಲ್ ಮಾತ್ರ, ತಾನು ಯಾರನ್ನು ಯಾರ ಊರಿಗೆ ಕಳಿಸಿದೆ ಎಂದು ತಿಳಿದು, ನಿಂತಲ್ಲೇ ನಿಂತಿರುತ್ತಾನೆ.